ಸ್ಟಾಲು ಅಂದ್ರೆ ಬರೀ ಡಿಸೈನಲ್ಲ ಸ್ವಾಮೀ!

ಎಕ್ಸಿಬಿಷನ್‌ನಲ್ಲಿ ಸ್ಟಾಲು ಹಾಕೋದು ಅಂದ್ರೆ ಏನು? ನಮ್ಮ ಐಟಿ ಕಂಪನಿಗಳಲ್ಲಿ ಯಾರನ್ನೇ ಕೇಳಿ, "ಡಿಸೈನ್ ಫೈನಲ್ ಮಾಡೋದು" ಅಂತಾರೆ. ಲೋಗೋ ಎಷ್ಟು ದೊಡ್ಡದಿರಬೇಕು, ಹಿಂದಿನ ಗೋಡೆ ನೀಲಿಯೋ ಬಿಳಿಯೋ, ಬಂದವರಿಗೆ ಪೆನ್ನು ಕೊಡೋದೋ ಮಗ್ಗು ಕೊಡೋದೋ... ಇಷ್ಟಕ್ಕೇ ಆರು ಮೀಟಿಂಗು. ಸಾಮಾನು ಯಾವ ಲಾರಿಯಲ್ಲಿ ಬರುತ್ತೆ, ಯಾವ ಗೇಟಿನಿಂದ ಒಳಗೆ ಹೋಗುತ್ತೆ, ಎಷ್ಟು ಕಿಲೋವ್ಯಾಟ್ ಕರೆಂಟು ಬೇಕು, ಮುಗಿದ ಮೇಲೆ ಬಿಚ್ಚೋರು ಯಾರು? ಇದಕ್ಕೆ ಒಂದು ಮೀಟಿಂಗೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆ ಇಂಥ ಸ್ಟಾಲು ನೋಡಿಯೇ ಹುಟ್ಟಿರಬೇಕು.

ನಾನು ಮಾರ್ಕೆಟಿಂಗ್‌ನವನಲ್ಲ, ಕೋಡು ಬರೆಯೋನು. ಆದರೆ ಡೆಮೋಗೆ ಅಂತ ತಂದ ಸರ್ವರ್ರು, ಕ್ಯಾಮೆರಾ, ಟೀವಿ ಎಲ್ಲ ಜೋಡಿಸೋಕೆ ಒಬ್ಬ ಇಂಜಿನಿಯರ್ ಬೇಕಲ್ಲ, ಹಾಗಾಗಿ ನಾಲ್ಕು ವರ್ಷದಿಂದ ಪ್ರತಿ ಮೇಳಕ್ಕೂ ನನ್ನನ್ನೇ ತಳ್ತಾರೆ. ಸ್ಟಾಲು ಏಳೋ ರಾತ್ರಿ, ಬೀಳೋ ರಾತ್ರಿ ಎರಡನ್ನೂ ಕಣ್ಣಾರೆ ನೋಡಿದೀನಿ. ನೋಡಿದ ಮೇಲೆ ನನ್ನ ಖಚಿತ ಅಭಿಪ್ರಾಯ ಇದು: ನಾವು ಎಸಿ ರೂಮಿನಲ್ಲಿ ಕೂತು ತಡ ಮಾಡಿದ ಒಂದೊಂದು ತೀರ್ಮಾನದ ಬೆಲೆಯನ್ನೂ ಆ ಮೀಟಿಂಗಿಗೆ ಕರೆಯದೇ ಇದ್ದ ಬಡಗಿಯೊಬ್ಬ ತನ್ನ ನಿದ್ದೆ ಕೊಟ್ಟು ತೀರಿಸ್ತಾನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೇಳಗಳಲ್ಲಿ ಜಾಗ ಎರಡು ಥರ ಸಿಗುತ್ತೆ. ಒಂದು, ಆರ್ಗನೈಸರೇ ಅಲ್ಯುಮಿನಿಯಂ ಕಂಬ, ಬಿಳಿ ಹಲಗೆ ಜೋಡಿಸಿ ಕೊಡೋ ರೆಡಿಮೇಡ್ ಗೂಡು. ಸಾಮಾನ್ಯವಾಗಿ 3 ಮೀಟರ್‌ಗೆ 3 ಮೀಟರ್, ಅಂದ್ರೆ 9 ಚದರ ಮೀಟರ್. ಮೇಲೊಂದು ಹೆಸರಿನ ಪಟ್ಟಿ, ಒಳಗೊಂದು ಟೇಬಲ್ಲು, ಎರಡು ಕುರ್ಚಿ, ಒಂದಷ್ಟು ದೀಪ, ಒಂದು ಪ್ಲಗ್ಗು. (ಆಕ್ಟಾನಾರ್ಮ್ ಅನ್ನೋ ಜರ್ಮನ್ ಕಂಪನಿಯ ಹೆಸರೇ ಈಗ ಇಂಥ ಚೌಕಟ್ಟಿಗೆಲ್ಲ ಹೆಸರಾಗಿದೆ, ನಮ್ಮ ಝೆರಾಕ್ಸ್ ಥರ.) ಇನ್ನೊಂದು, ಬರೀ ನೆಲ. ಟೇಪು ಅಂಟಿಸಿ ಗುರುತು ಮಾಡಿ ಕೊಡ್ತಾರೆ, ಗೋಡೆಯಿಂದ ಹಿಡಿದು ಗುಂಡುಸೂಜಿ ತನಕ ಎಲ್ಲ ನಿಮ್ಮದೇ. ನಮ್ಮವರಿಗೆ ಯಾವಾಗಲೂ ಎರಡನೇದೇ ಬೇಕು. ಯಾಕಂದ್ರೆ ಎದುರಾಳಿ ಕಂಪನಿ ಅದನ್ನೇ ತಗೊಂಡಿದೆ!

ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಜಾಗದ ಜೊತೆ ಆರ್ಗನೈಸರ್ ಒಂದು ದಪ್ಪ ಕೈಪಿಡಿ ಕಳಿಸಿರ್ತಾರಲ್ಲ, ಅದನ್ನ ತೆರೆದು ನೋಡಿದವರು ಎಷ್ಟು ಜನ? ಕರೆಂಟಿಗೆ ಒಂದು ಫಾರ್ಮು, ಕೆಲಸಗಾರರ ಪಾಸಿಗೆ ಒಂದು, ಎತ್ತರದ ಗೋಡೆ ಕಟ್ಟೋದಾದ್ರೆ ನಕ್ಷೆಗೆ ಒಪ್ಪಿಗೆ, ಮೇಲಿಂದ ಏನಾದ್ರೂ ನೇತು ಹಾಕೋದಾದ್ರೆ ಅದಕ್ಕೆ ಬೇರೆ ಒಪ್ಪಿಗೆ. ಒಂದೊಂದಕ್ಕೂ ಕೊನೇ ದಿನಾಂಕ ಇರುತ್ತೆ.

ಕರೆಂಟಿನದೇ ಉದಾಹರಣೆ ತಗೊಳ್ಳಿ. ನಾಲ್ಕು ದೊಡ್ಡ ಟೀವಿ ಅಂದ್ರೆ ಒಂದೊಂದಕ್ಕೆ 150 ವ್ಯಾಟ್ ಹಿಡಿದರೂ 600 ವ್ಯಾಟ್. ಸರ್ವರ್ 500. ದೀಪಕ್ಕೆ ಇನ್ನೊಂದು 400. ಒಟ್ಟು ಒಂದೂವರೆ ಕಿಲೋವ್ಯಾಟ್. ಫಾರ್ಮಿನಲ್ಲಿ ಎರಡು ಅಂತ ಬರೆದ್ರೆ ಸಾಕು. ಆಮೇಲೆ ಮೇಳದ ಹಿಂದಿನ ದಿನ ಯಾರಿಗೋ ಹೊಳೆಯುತ್ತೆ, "ಒಂದು ಕಾಫಿ ಮೆಷೀನ್ ಇಡೋಣ, ಜನ ಬರ್ತಾರೆ." ಆ ಮೆಷೀನ್ ಒಂದಕ್ಕೇ ಎರಡು ಕಿಲೋವ್ಯಾಟ್ ಬೇಕು! ಕಳೆದ ವರ್ಷ ನಮ್ಮ ಪಕ್ಕದ ಸ್ಟಾಲಿನಲ್ಲಿ ಇದೇ ಆಯ್ತು. ಕಾಫಿ ಇಳಿದಾಗಲೆಲ್ಲ ಎಂಸಿಬಿ ಟ್ರಿಪ್ಪು, ಜೊತೆಗೆ ಡೆಮೋನೂ ಢಮಾರ್. ಆದರೆ ಬೈಗುಳ ತಿಂದದ್ದು ಎಲೆಕ್ಟ್ರಿಷಿಯನ್ನು.

ಇನ್ನು ಸಾಗಾಟ. ಬೆಂಗಳೂರಿನ ದೊಡ್ಡ ಮೇಳಗಳು ತುಮಕೂರು ರಸ್ತೆಯ ಮಾದಾವರದಲ್ಲಿರೋ ಬಿಐಇಸಿಯಲ್ಲಿ ನಡೀತವೆ. 2007ರಲ್ಲಿ ಶುರುವಾದ ಜಾಗ. 2024ರ ನವೆಂಬರ್‌ನಲ್ಲಿ ಮೆಟ್ರೋ ಕೂಡ ಮಾದಾವರದ ತನಕ ಬಂತು. ನೋಡೋಕೆ ಬರೋರಿಗೆ ಬಹಳ ಅನುಕೂಲ ಆಯ್ತು, ಒಪ್ಪುತ್ತೀನಿ. ಆದರೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಮೆಟ್ರೋದಲ್ಲಿ ಬರಲ್ಲವಲ್ಲ :) ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ನೈಸ್ ರಸ್ತೆ ಇದೆ. ಊರೊಳಗಿಂದ ಹೊರಡೋ ಲಾರಿ ಮಾತ್ರ ಟ್ರಾಫಿಕ್ ಪೊಲೀಸರ ನೋ ಎಂಟ್ರಿ ಹೊತ್ತು ನೋಡ್ಕೊಂಡೇ ಹೊರಡಬೇಕು. ಪೀಣ್ಯ ಮೇಲುಸೇತುವೆಯನ್ನ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಮೇಲೆ 2024ರ ಜುಲೈ ತನಕ ಭಾರಿ ವಾಹನಗಳಿಗೆ ಬಿಡಲೇ ಇಲ್ಲ. ಆ ಎರಡೂವರೆ ವರ್ಷ ಕೆಳಗಿನ ರಸ್ತೆಯಲ್ಲಿ ಸಿಕ್ಕಿಹಾಕ್ಕೊಂಡವರಿಗೆ ಗೊತ್ತು, "ಒಂದು ಗಂಟೆಯಲ್ಲಿ ಬರುತ್ತೆ" ಅನ್ನೋ ಮಾತಿನ ಅರ್ಥ.

ಬೇರೆ ಊರಿನ ಮೇಳಕ್ಕಾದ್ರೆ ಕಾಗದಪತ್ರ ಬೇರೆ. ಮಾರೋಕಲ್ಲ, ತೋರಿಸೋಕೆ ಅಂತ ಸಾಮಾನು ಕಳಿಸೋವಾಗ ಡೆಲಿವರಿ ಚಲನ್ ಬೇಕು. ಬೆಲೆ 50,000 ರೂಪಾಯಿ ದಾಟಿದ್ರೆ ಇ-ವೇ ಬಿಲ್ ಕೂಡ ಬೇಕು. ಒಂದು ಸರ್ವರ್ ಇಟ್ಟರೇ ಆ ಗಡಿ ದಾಟುತ್ತೆ. ವಿದೇಶಕ್ಕಾದ್ರೆ ಎಟಿಎ ಕಾರ್ನೆಟ್ ಅಂತ ಒಂದಿದೆ, ಸಾಮಾನಿನ ಪಾಸ್‌ಪೋರ್ಟ್ ಅನ್ನಬಹುದು. ನಮ್ಮಲ್ಲಿ ಫಿಕ್ಕಿಯವರು ಕೊಡ್ತಾರೆ, ಹೆಚ್ಚೆಂದ್ರೆ ಒಂದು ವರ್ಷ ನಡೆಯುತ್ತೆ. ಇದರಲ್ಲಿ ನನಗೆ ಇಷ್ಟ ಆದದ್ದು ಏನಂದ್ರೆ, ತಗೊಂಡು ಹೋಗೋ ಒಂದೊಂದು ವಸ್ತುವನ್ನೂ ಪಟ್ಟಿ ಮಾಡಿ ಕೊಡಬೇಕು, ಅದೇ ಪಟ್ಟಿಯ ಪ್ರಕಾರ ವಾಪಸ್ ತರಬೇಕು. ಹೊರಡೋ ಮುಂಚೆಯೇ ವಾಪಸ್ ಬರೋದನ್ನ ಯೋಚಿಸು ಅಂತ ಕಸ್ಟಮ್ಸ್‌ನವರು ಕಿವಿ ಹಿಂಡಿ ಹೇಳ್ತಾರೆ. ನಮ್ಮೂರ ಮೇಳಕ್ಕೆ ಕಿವಿ ಹಿಂಡೋರು ಯಾರೂ ಇಲ್ಲ, ಅದೇ ಸಮಸ್ಯೆ.

ಹಾಗಾಗಿ ನಡೆಯೋದು ಇದು. ಕಟ್ಟೋಕೆ ಹಾಲ್ ಸಿಗೋದೇ ಒಂದೆರಡು ದಿನ. ಮೇಳಕ್ಕೆ ಮೂರು ದಿನ ಇದೆ ಅನ್ನೋವಾಗ ದೊಡ್ಡವರೊಬ್ಬರು ಡಿಸೈನ್ ನೋಡಿ, "ಈ ಗೋಡೆ ಯಾಕೋ ಸರಿ ಕಾಣ್ತಿಲ್ಲ, ಆ ಕಡೆ ಹಾಕಿ" ಅಂತಾರೆ. ಅವರಿಗೆ ಒಂದು ಈಮೇಲು. ಬಡಗಿಗೆ ಒಂದಿಡೀ ರಾತ್ರಿ. ಆ ರಾತ್ರಿ ಹಾಲಿನ ಒಳಗೆ ಒಮ್ಮೆ ಬಂದು ನೋಡಿ. ಕಟ್ಟೋ ಹೊತ್ತಿನಲ್ಲಿ ಎಸಿ ಇಲ್ಲ. ಪ್ಲೈವುಡ್ ಕೊಯ್ದ ಧೂಳು, ಪೇಂಟಿನ ಘಾಟು. ಹೆಲ್ಮೆಟ್ಟು, ಮಾಸ್ಕು ಇಲ್ಲದ ಹುಡುಗರು ಅಲ್ಲಾಡೋ ಏಣಿ ಮೇಲೆ ನಿಂತು ಹನ್ನೆರಡು ಅಡಿ ಎತ್ತರದಲ್ಲಿ ಲೋಗೋ ಕೂರಿಸ್ತಿರ್ತಾರೆ. ಇನ್ನೊಬ್ಬ ಸುತ್ತಿಟ್ಟ ಕಾರ್ಪೆಟ್ಟಿಗೆ ತಲೆ ಕೊಟ್ಟು ಅರ್ಧ ಗಂಟೆ ಮಲಗಿರ್ತಾನೆ. ಬೆಳಿಗ್ಗೆ ಕಾರ್ಪೆಟ್ ಮೇಲಿನ ಪ್ಲಾಸ್ಟಿಕ್ ಕೀಳ್ತಾರೆ, ಟೇಪು ಕತ್ತರಿಸ್ತಾರೆ, ಎಲ್ಲರೂ "ವಾವ್" ಅಂತಾರೆ.

"ಅದಕ್ಕೆ ದುಡ್ಡು ಕೊಡ್ತೀವಲ್ಲ" ಅನ್ನೋರಿದ್ದಾರೆ. ಯಾವುದಕ್ಕೆ ಕೊಡ್ತೀರಿ? ಕೊಟೇಷನ್ ಮೊದಲನೇ ಡಿಸೈನಿಗೆ ಆಗಿರುತ್ತೆ. ಆಮೇಲಿನ ಬದಲಾವಣೆಗೆಲ್ಲ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತೀರಿ. ಫ್ಯಾಬ್ರಿಕೇಟರ್‌ಗೆ ಸಿಗದ ದುಡ್ಡು ಏಣಿ ಮೇಲಿರೋನಿಗೆ ಎಲ್ಲಿಂದ ಸಿಗುತ್ತೆ?

ಮೂರನೇ ದಿನ ಸಂಜೆ ಇನ್ನೊಂದು ನಾಟಕ. ಹಾಲ್ ಖಾಲಿ ಮಾಡಿಕೊಡಬೇಕು, ಬಾಡಿಗೆ ಓಡ್ತಿರುತ್ತೆ. ವಿನೈಲ್ ಅಂಟಿಸಿದ, ಮೊಳೆ ಹೊಡೆದ ಪ್ಲೈವುಡ್ಡನ್ನ ಬಿಚ್ಚೋ ವ್ಯವಧಾನ ಯಾರಿಗಿದೆ? ಹಾರೆ ಹಾಕಿ ಒಡೀತಾರೆ. ಲಕ್ಷಗಟ್ಟಲೆ ಸುರಿದ ಸ್ಟಾಲು ರಾತ್ರಿ ಹತ್ತಕ್ಕೆ ಕಸದ ಗುಡ್ಡೆ. 2016ರಲ್ಲೇ ಕರ್ನಾಟಕ ಸರ್ಕಾರ ಫ್ಲೆಕ್ಸು, ಥರ್ಮೊಕೋಲ್ ತಟ್ಟೆ ಲೋಟ, ಪ್ಲಾಸ್ಟಿಕ್ ಬ್ಯಾನರ್ರು ಎಲ್ಲ ನಿಷೇಧ ಮಾಡಿದೆ. ಬೀದಿಯ ಹಣ್ಣಿನವನ ಪ್ಲಾಸ್ಟಿಕ್ ಚೀಲಕ್ಕೆ ದಂಡ ಬೀಳೋ ಊರಿನಲ್ಲಿ "ಸಸ್ಟೈನಬಿಲಿಟಿ" ಅಂತ ಬರೆದ ವಿನೈಲ್ ಗೋಡೆ ಮೂರು ದಿನಕ್ಕೆ ಕಸ ಆಗೋದು ಯಾವ ನ್ಯಾಯ?

"ಸ್ಟಾಲು ಭರ್ಜರಿಯಾಗಿ ಇಲ್ಲದಿದ್ರೆ ಜನ ನಿಲ್ಲಲ್ಲ" ಅನ್ನೋದು ಇನ್ನೊಂದು ವಾದ. ಇದೇ ಬಿಐಇಸಿಯಲ್ಲಿ ನಡೆಯೋ ಇಮ್‌ಟೆಕ್ಸ್‌ಗೆ ಒಮ್ಮೆ ಹೋಗಿ ಬನ್ನಿ. ಟನ್ನುಗಟ್ಟಲೆ ತೂಕದ ಮೆಷೀನುಗಳು ಅಲ್ಲೇ ಓಡ್ತಾ ಲೋಹ ಕೊರೀತಿರ್ತವೆ. ಅಂಥ ಮೆಷೀನನ್ನ ಕೊನೇ ರಾತ್ರಿ "ಆ ಕಡೆ ಹಾಕಿ" ಅನ್ನೋಕಾಗಲ್ಲ. ನೆಲ ಎಷ್ಟು ಭಾರ ತಡೆಯುತ್ತೆ, ಕ್ರೇನು ಯಾವಾಗ ಬರುತ್ತೆ, ಮೊದಲು ಯಾವ ಮೆಷೀನು ಒಳಗೆ ಹೋಗುತ್ತೆ ಅಂತ ಮುಂಚೆಯೇ ಬರೆದಿಟ್ಟಿರ್ತಾರೆ. ಮೆಷೀನು ಮೊದಲು, ಗೋಡೆ ಆಮೇಲೆ. ಜನ ನಿಲ್ಲೋದು ಓಡ್ತಿರೋ ಮೆಷೀನಿನ ಮುಂದೆ. ದಿನಾ ಡಿಪ್ಲಾಯ್‌ಮೆಂಟು, ಡಿಪೆಂಡೆನ್ಸಿ, ರೋಲ್‌ಬ್ಯಾಕು ಅಂತ ಜಪ ಮಾಡೋ ನಾವು ಒಂಬತ್ತು ಚದರ ಮೀಟರಿಗೆ ರೋಲ್‌ಬ್ಯಾಕ್ ಪ್ಲ್ಯಾನ್ ಬರೆಯಲ್ಲ ಅನ್ನೋದು ನಾಚಿಕೆಗೇಡು.

ಇದಕ್ಕೆ ವಿದೇಶದಿಂದ ಕನ್ಸಲ್ಟೆಂಟ್ ಕರೆಸಬೇಕಿಲ್ಲ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳನ್ನ ನೋಡಿ. ದೀಪಾವಳಿ ಕಳೆದ ಮೇಲೆ ಹೊರಟರೆ ಮೇ ತಿಂಗಳ ತನಕ ತಿರುಗಾಟ. ಇವತ್ತು ಈ ಊರು, ನಾಳೆ ಇನ್ನೊಂದು. ಸಂಜೆ ರಂಗಸ್ಥಳ ಏಳುತ್ತೆ, ಆಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ಏರುತ್ತೆ, ಮರುದಿನ ಅದೇ ಕಂಬ, ಅದೇ ಪರದೆ ಇನ್ನೊಂದು ಗದ್ದೆಯಲ್ಲಿ. ಚೌಕಿಯಲ್ಲಿ ಯಾವ ಪೆಟ್ಟಿಗೆ ಎಲ್ಲಿ ಇಡಬೇಕು ಅನ್ನೋದಕ್ಕೂ ಕ್ರಮ ಇದೆ. ಬಿಚ್ಚೋಕಾಗದ ರಂಗಸ್ಥಳ ಕಟ್ಟಿದ್ರೆ ನಾಳೆ ಆಟವೇ ಇಲ್ಲ ಅಂತ ಅವರಿಗೆ ಗೊತ್ತು. ಆ ರಂಗಸ್ಥಳದ ವೈಭವಕ್ಕೆ ಏನಾದ್ರೂ ಕಮ್ಮಿ ಆಗಿದೆಯಾ?

ನನ್ನ ಬೇಡಿಕೆ ಇಷ್ಟೇ:

1. ಕಟ್ಟೋಕೆ ಎರಡು ವಾರ ಇರೋವಾಗ ಡಿಸೈನಿಗೆ ಬೀಗ. ಆಮೇಲೆ ಎಂಡಿ ಹೇಳಿದ್ರೂ ಬದಲಾವಣೆ ಇಲ್ಲ.
2. ಲೆಕ್ಕ ಹಿಂದಿನಿಂದ ಹಾಕಿ. ಮೊದಲು ಖಾಲಿ ಮಾಡೋ ಗಂಟೆ, ಆಮೇಲೆ ಉದ್ಘಾಟನೆ, ಆಮೇಲೆ ಲಾರಿ, ಕೊನೆಗೆ ಲೋಗೋ.
3. ಫಾರ್ಮು, ಕರೆಂಟು, ಪಾಸು, ಲಾರಿ - ಎಲ್ಲಕ್ಕೂ ಒಬ್ಬರೇ ಜವಾಬ್ದಾರರು. ಅವರು ಎಲ್ಲ ಮೀಟಿಂಗಿನಲ್ಲೂ ಇರಬೇಕು. ಬಡಗಿಗಳ ಮೇಸ್ತ್ರಿಯನ್ನೂ ಒಂದು ಮೀಟಿಂಗಿಗೆ ಕರೀರಿ, ಒಂದು ಗಂಟೆ ಮಾತಾಡಿದ್ರೆ ಒಂದು ರಾತ್ರಿ ಉಳಿಯುತ್ತೆ.
4. ಹೆಲ್ಮೆಟ್ಟು, ಗಟ್ಟಿ ಏಣಿ, ರಾತ್ರಿ ಊಟ, ರಾತ್ರಿ ಪಾಳಿಯ ಕೂಲಿ - ಕೊಟೇಷನ್ನಿನಲ್ಲಿ ಬೇರೆ ಸಾಲಾಗಿ ಬರೆಸಿ. ಬರೆಸಿದ ದುಡ್ಡು ಅವರ ಕೈಗೆ ತಲುಪಿತಾ ಅಂತ ಕೇಳಿ.
5. ಒಂದು ಸಲ ಮಾಡಿಸಿದ ಚೌಕಟ್ಟು ಕನಿಷ್ಠ ನಾಲ್ಕು ಮೇಳಕ್ಕೆ ಬರಬೇಕು. ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ ಬದಲಾಯಿಸ್ತಾ ಹೋಗಿ, ಮಡಚಿ ಸೂಟ್‌ಕೇಸಿನಲ್ಲಿ ಇಡಬಹುದು.

ಇದರಲ್ಲಿ ಯಾವುದಕ್ಕೂ ಹೊಸ ಟೆಕ್ನಾಲಜಿ ಬೇಡ. ಮುಂದಿನ ಸಲ ಯಾರಾದ್ರೂ ಲ್ಯಾಪ್‌ಟಾಪ್ ತೆರೆದು ನಿಮಗೆ ಮೂರು ಆಯಾಮದ ಚಂದದ ಸ್ಟಾಲಿನ ಚಿತ್ರ ತೋರಿಸಿದ್ರೆ, ಬಣ್ಣದ ಬಗ್ಗೆ ಮಾತಾಡೋ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: "ಇದನ್ನ ಬಿಚ್ಚೋದು ಹೇಗೆ, ಬಿಚ್ಚೋರು ಯಾರು?" ಉತ್ತರ ಬರಲಿಲ್ಲ ಅಂದ್ರೆ ಡಿಸೈನ್ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.