ಪರದೇಶಕ್ಕೆ ಹೊರಟ ಶಿಕ್ಷಕರೂ ಅವರ ಕಾಗದಪತ್ರಗಳೂ



ಕಾರ್ಮಿಕ ಎಂದೊಡನೆ ನಮ್ಮ ಕಣ್ಣಿಗೆ ಕಾಣುವವನು ಸೇಲಂ ಉಕ್ಕಿನ ಕಾರ್ಖಾನೆಯವನು, ಸುಣ್ಣದಂತೆ ಬೆಳ್ಳಗಿರುವ ಮ್ಯಾಗ್ನಸೈಟ್ ಗಣಿಯವನು, ಹೊಸೂರಿನ ಸಿಪ್‌ಕಾಟ್‌ನಲ್ಲಿ ಪಾಳಿ ಮುಗಿಸಿ ಬಸ್ಸು ಕಾಯುವವನು. ಇಂಗ್ಲೀಷು ಕಲಿಸುವ ಟೀಚರಮ್ಮನನ್ನು ಕಾರ್ಮಿಕಳೆಂದು ಒಪ್ಪಲು ನಮ್ಮಲ್ಲೇ ಕೆಲವರಿಗೆ ಮನಸ್ಸಿಲ್ಲ. ನಿಜ ಹೇಳಬೇಕೆಂದರೆ ಆಕೆಗೂ ಮನಸ್ಸಿಲ್ಲ. ಆದರೆ ಈಚೆಗೆ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಬಳಿ ಕಾಗದಗಳ ಕಟ್ಟು ಹಿಡಿದು ಬರುವವರಲ್ಲಿ ಇಂಥವರೇ ಹೆಚ್ಚು. ಬಿ.ಎ. ಆಗಿದೆ, ಬಿ.ಎಡ್. ಆಗಿದೆ, ಊರಿನ ಮೆಟ್ರಿಕ್ಯುಲೇಶನ್ ಶಾಲೆಯಲ್ಲಿ ನಾಲ್ಕು ವರ್ಷ ದುಡಿದೂ ಆಗಿದೆ. ಆ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ಮಾಲ್ಡೀವ್ಸ್‌ಗೆ ಹೋಗಲೇ, ದುಬೈಗೆ ಹೋಗಲೇ, ಥಾಯ್ಲೆಂಡಿನಲ್ಲಿ ಕೆಲಸವಿದೆಯಂತೆ ಎಂದು ಕೇಳುತ್ತಾರೆ. ಈ ಸಲದ ಸಂಪಾದಕೀಯವನ್ನು ಅವರಿಗಾಗಿಯೂ ಅವರ ತಂದೆತಾಯಿಯರಿಗಾಗಿಯೂ ಬರೆಯುತ್ತಿದ್ದೇವೆ.

ಬೇಕಾದ ಕಾಗದಗಳು ಯಾವುವು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಪಾಸ್‌ಪೋರ್ಟು, ಪದವಿ ಮತ್ತು ಬಿ.ಎಡ್. ಸರ್ಟಿಫಿಕೇಟು, ಅವುಗಳ ಮೇಲೆ ಸರಕಾರದ ಮುದ್ರೆ, ಮೇಲೆ ಕೇಸಿಲ್ಲವೆಂದು ಪೊಲೀಸರ ಪತ್ರ, ವೈದ್ಯರ ತಪಾಸಣೆ, ಅನುಭವ ಪತ್ರ, ಕೆಲಸದ ಕರಾರು, ಕಡೆಗೆ ವೀಸಾ. ಹೇಳುವುದಕ್ಕೆ ಸುಲಭ. ನಮ್ಮ ಜನರ ಕಷ್ಟ ಮೊದಲ ಮೆಟ್ಟಿಲಲ್ಲೇ, ಅಂದರೆ ಹೆಸರಿನಲ್ಲೇ ಶುರುವಾಗುತ್ತದೆ.

ನಮ್ಮ ಹಿರಿಯರು ಸಂತ ಪೇತ್ರನನ್ನು ರಾಯಪ್ಪನೆಂದರು, ಪೌಲನನ್ನು ಚಿನ್ನಪ್ಪನೆಂದರು, ಯೊವಾನ್ನನನ್ನು ಅರುಳಪ್ಪನೆಂದರು. ಹಳೆಯ ಗುರುಗಳು ಜ್ಞಾನಸ್ನಾನದ ದಫ್ತರಿನಲ್ಲಿ ಲತೀನು ಭಾಷೆಯಲ್ಲಿ ಪೆತ್ರುಸ್ ಎಂದು ಬರೆದರು. ಮನೆಯಲ್ಲಿ ರಾಯಪ್ಪ, ಶಾಲೆಯ ಮೇಷ್ಟರು ತಮಿಳಿನ ರೂಢಿಯಂತೆ ಕೊನೆಗೆ ಒಂದು 'ನ್' ಸೇರಿಸಿ ರಾಯಪ್ಪನ್ ಮಾಡಿದರು, ರೇಷನ್ ಕಾರ್ಡಿನಲ್ಲಿ ಒಂದು 'ಪ' ಬಿದ್ದುಹೋಯಿತು, ಮಗಳು ಪಾಸ್‌ಪೋರ್ಟು ಅರ್ಜಿಯಲ್ಲಿ ತಂದೆಯ ಹೆಸರನ್ನು ಪೀಟರ್ ಎಂದು ಬರೆದಳು. ಸ್ವರ್ಗದಲ್ಲಿ ಈ ನಾಲ್ವರೂ ಒಬ್ಬನೇ ಆಗಿರಬಹುದು, ಕಛೇರಿಯಲ್ಲಿ ನಾಲ್ಕು ಜನ. ಇನಿಶಿಯಲ್ಲಿನ ತೊಂದರೆ ಬೇರೆ. ನಮ್ಮ ಕಡೆ ಹೆಸರಿನ ಮುಂದೆ ಒಂದಕ್ಷರ ಸಾಕು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು, ಮನೆತನದ ಹೆಸರೆಂದು ಒಂದು ಅಂಕಣ ಬೇರೆ ತುಂಬಬೇಕು. ಅದನ್ನು ಖಾಲಿ ಬಿಟ್ಟು ಒಂಟಿ ಹೆಸರಿನಲ್ಲಿ ಪಾಸ್‌ಪೋರ್ಟು ಮಾಡಿಸಿಕೊಂಡವರಿಗೆ 2022ರ ನವೆಂಬರ್‌ನಲ್ಲಿ ಯು.ಎ.ಇ. ದೇಶ ಬಾಗಿಲು ಬಿಗಿಮಾಡಿದಾಗಲೇ ನಮ್ಮ ಅನೇಕರಿಗೆ ಈ ಅಂಕಣದ ಬೆಲೆ ತಿಳಿದದ್ದು.

ಊರಿನ ಹೆಸರೂ ಹೀಗೆಯೇ. ಹೊಸೂರು ಕಡೆಯ ಒಂದು ಮನೆಯನ್ನು ತೆಗೆದುಕೊಳ್ಳಿ. ಅಜ್ಜನ ಕಾಗದದಲ್ಲಿ ಸೇಲಂ ಜಿಲ್ಲೆ, 1965ರ ಮೇಲೆ ಹುಟ್ಟಿದ ಅಪ್ಪನದರಲ್ಲಿ ಧರ್ಮಪುರಿ ಜಿಲ್ಲೆ, 2004ರ ಮೇಲೆ ಹುಟ್ಟಿದ ಮಗುವಿನದರಲ್ಲಿ ಕೃಷ್ಣಗಿರಿ ಜಿಲ್ಲೆ. ಮನೆ ಮಾತ್ರ ಒಂದು ಗೇಣೂ ಕದಲಿಲ್ಲ. ನಮ್ಮ ದಫ್ತರುಗಳ ಕಥೆಯೂ ಅಷ್ಟೇ: 1930ರಲ್ಲಿ ಸೇಲಂ ಧರ್ಮಪ್ರಾಂತ ಆಗುವ ಮುಂಚೆ ಅದರ ಒಂದು ಭಾಗ ಮೈಸೂರು ಧರ್ಮಪ್ರಾಂತಕ್ಕೆ ಸೇರಿತ್ತು, 1997ರಲ್ಲಿ ಧರ್ಮಪುರಿ ಬೇರೆಯಾಯಿತು. ಪದವಿಯಲ್ಲೂ ಗಡಿಗಳುಂಟು. 1997ರಲ್ಲಿ ಪೆರಿಯಾರ್ ವಿಶ್ವವಿದ್ಯಾಲಯ ಹುಟ್ಟುವ ಮುಂಚೆ ಓದಿದವರ ಬಿ.ಎ. ಮದರಾಸಿನದು, ನಂತರದವರದು ಸೇಲಂನದು, ಈಗಿನವರ ಬಿ.ಎಡ್. ಚೆನ್ನೈನ ಶಿಕ್ಷಕ ಶಿಕ್ಷಣ ವಿಶ್ವವಿದ್ಯಾಲಯದ್ದು. ಒಂದು ಪತ್ರದಲ್ಲಿ ತಪ್ಪಿದ್ದರೆ ಯಾವ ಊರಿನ ಬಾಗಿಲು ಬಡಿಯಬೇಕೆಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಇಲ್ಲಿ ತಾಯಂದಿರಿಗೆ ಒಂದು ಮಾತು. ಜ್ಞಾನಸ್ನಾನದ ಚೀಟಿ ಇದೆಯಲ್ಲಾ ಎಂದು ಸುಮ್ಮನಿರಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿಗಾಗಿ ಹುಟ್ಟಿದ ತಾರೀಕಿಗೆ ಸರಕಾರದ ಜನನ ಪತ್ರವೊಂದೇ ಆಧಾರ. ಮದುವೆಯೂ ಹಾಗೆಯೇ: 2009ರ ಕಾನೂನಿನ ಪ್ರಕಾರ ತಮಿಳುನಾಡಿನಲ್ಲಿ ಎಲ್ಲ ಮತದವರ ಮದುವೆಯೂ ಸರಕಾರದಲ್ಲಿ ನೋಂದಣಿ ಆಗಬೇಕು. ಗಂಡನನ್ನೋ ಹೆಂಡತಿಯನ್ನೋ ಮುಂದೆ ಕರೆಸಿಕೊಳ್ಳಬೇಕೆಂದಾಗ ಈ ಪತ್ರ ನೆನಪಾಗುತ್ತದೆ.

ಇನ್ನು ಮುದ್ರೆಯ ವಿಷಯ. ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಅದಕ್ಕೆ ಸೇರಿದ ದೇಶಗಳಿಗೆ ಹೋಗುವವರ ಸರ್ಟಿಫಿಕೇಟಿಗೆ ಮೊದಲು ರಾಜ್ಯ ಸರಕಾರದ ಮುದ್ರೆ, ಆಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಎಂಬ ಮುದ್ರೆ ಬಿದ್ದರೆ ಸಾಕು. ಕೊರಿಯ, ಓಮನ್, 2022ರಲ್ಲಿ ಸೇರಿದ ಸೌದಿ ಅರೇಬಿಯ ಇವೆಲ್ಲ ಆ ಪಟ್ಟಿಯಲ್ಲಿವೆ. ಒಪ್ಪಂದದಲ್ಲಿಲ್ಲದ ದೇಶವಾದರೆ ಅವರ ರಾಯಭಾರ ಕಛೇರಿಯ ಮುದ್ರೆಯೂ ಬೇಕು. ಅಪೊಸ್ಟಿಲ್‌ಗೆ ಸರಕಾರದ ಶುಲ್ಕ ಒಂದು ಪತ್ರಕ್ಕೆ 50 ರೂಪಾಯಿ. ಅರ್ಜಿ ತೆಗೆದುಕೊಳ್ಳುವ ಸಂಸ್ಥೆಯ ಕೂಲಿ ಮೇಲೆ ಸ್ವಲ್ಪ. ಪೊಲೀಸು ಪತ್ರಕ್ಕೆ ಪಾಸ್‌ಪೋರ್ಟು ಕಛೇರಿಯಲ್ಲಿ 500 ರೂಪಾಯಿ. ನಮ್ಮ ಬಸ್ ನಿಲ್ದಾಣಗಳ ಸುತ್ತ ಇರುವ ಬೋರ್ಡುಗಳ ಹಿಂದೆ ಇದೇ ಕೆಲಸಕ್ಕೆ ಎಷ್ಟು ಸಾವಿರ ಕೇಳುತ್ತಾರೆಂಬುದನ್ನು ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಎಲ್ಲ ಕಾಗದ ಸರಿಯಿದ್ದರೂ ಕೆಲವು ಬಾಗಿಲು ತೆರೆಯುವುದಿಲ್ಲ. ಇದನ್ನು ನಮ್ಮ ಶಿಕ್ಷಕರು ಮೊದಲೇ ತಿಳಿದಿರಬೇಕು. ಕೊರಿಯ ದೇಶ ಇಂಗ್ಲೀಷು ಕಲಿಸುವವರಿಗೆ ಕೊಡುವ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶದವರಿಗೆ. 2010ರ ಜನವರಿ 1ರಂದು ಜಾರಿಗೆ ಬಂದ ವ್ಯಾಪಾರ ಒಪ್ಪಂದದ ಮೂಲಕ ಭಾರತೀಯರಿಗೂ ಒಂದು ಕಿಟಕಿ ತೆರೆಯಿತು: ಪದವಿಯ ಜೊತೆಗೆ ಶಿಕ್ಷಕರ ಅರ್ಹತಾಪತ್ರವೂ ಇರಬೇಕು, ಸೇರುವುದು ಶಾಲೆಯ ಸಹಾಯಕ ಶಿಕ್ಷಕರಾಗಿ, ಅಲ್ಲಿನ ಟ್ಯೂಷನ್ ಅಂಗಡಿಗಳಿಗಲ್ಲ. ಜಪಾನಿನವರು ಇಂಗ್ಲೀಷು ತಾಯಿನುಡಿಯಲ್ಲದವರಿಂದ ಹನ್ನೆರಡು ವರ್ಷ ಇಂಗ್ಲೀಷು ಮಾಧ್ಯಮದಲ್ಲೇ ಓದಿದ ದಾಖಲೆ ಕೇಳುತ್ತಾರೆ. ದೇನ್ಕನಿಕೋಟೆ ಸೀಮೆಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ತನ್ನ ಛಲದಿಂದ ಇಂಗ್ಲೀಷು ಎಂ.ಎ. ಮಾಡಿದ ಹುಡುಗಿಗೆ ಅಲ್ಲಿ ಜಾಗವಿಲ್ಲ; ಏಳು ದೇಶಗಳ ಪೈಕಿ ಒಂದರಲ್ಲಿ ಹುಟ್ಟಿ, ಪಾಠ ಮಾಡಿ ಅಭ್ಯಾಸವೇ ಇಲ್ಲದವನಿಗೆ ಇದೆ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೂ ಅದು ಅವರ ದೇಶದ ಕಾನೂನು, 'ನಾನು ಸರಿಮಾಡಿಸುತ್ತೇನೆ' ಎನ್ನುವ ಏಜೆಂಟನಿಂದ ಅದು ಬದಲಾಗುವುದಿಲ್ಲ.

ಈಗ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವ ಸಂಗತಿಗೆ ಬರುತ್ತೇವೆ.

ಹತ್ತನೆಯ ತರಗತಿ ದಾಟದ ಗಾರೆ ಕೆಲಸದವನು ಸೌದಿಗೋ ಕುವೈತಿಗೋ ಹೊರಟರೆ 1983ರ ವಲಸೆ ಕಾನೂನು ಅವನನ್ನು ತಡೆದು ನಿಲ್ಲಿಸುತ್ತದೆ. ಕರಾರು ತೋರಿಸು ಎನ್ನುತ್ತದೆ. ಚೆನ್ನೈನ ವಲಸಿಗರ ಸಂರಕ್ಷಣಾಧಿಕಾರಿಯ ಒಪ್ಪಿಗೆ ಬೇಕು, ಹತ್ತು ಲಕ್ಷ ರೂಪಾಯಿಯ ವಿಮೆ ಕಡ್ಡಾಯ. ತೊಡಕಿನ ಏರ್ಪಾಡು, ಕಳ್ಳದಾರಿಗಳೂ ಉಂಟು. ಆದರೂ ಎಲ್ಲೋ ಒಂದು ಕಡೆ ಅವನ ಕರಾರಿನ ಮೇಲೆ ಸರಕಾರದ ಕಣ್ಣು ಬೀಳುತ್ತದೆ. ನಮ್ಮ ಟೀಚರಮ್ಮ ಪದವೀಧರೆ. ಆಕೆಗೆ ಈ ಒಪ್ಪಿಗೆ ಬೇಕಿಲ್ಲ. ಓದಿದವರಿಗೆ ತಮ್ಮ ಹಿತ ತಾವು ನೋಡಿಕೊಳ್ಳಲು ಗೊತ್ತು ಎಂಬುದು ಕಾನೂನಿನ ಎಣಿಕೆ. ಆದ್ದರಿಂದ ಆಕೆಯ ಕರಾರನ್ನು ಯಾರೂ ಕೇಳುವುದಿಲ್ಲ, ವಿಮೆ ಕೇಳುವುದಿಲ್ಲ, ಯಾವ ಶಾಲೆ, ಯಾರು ಕರೆಸಿಕೊಂಡವರು ಎಂದು ಕೇಳುವುದಿಲ್ಲ. ವಿಮಾನ ಹತ್ತಿ ಹೋಗಬಹುದು. ಓದು ಆಕೆಗೆ ಬಾಗಿಲು ತೆರೆಯಿತು, ಅದೇ ಓದು ಕಾವಲನ್ನೂ ತೆಗೆದುಹಾಕಿತು.

ನರ್ಸುಗಳ ವಿಷಯದಲ್ಲಿ ಸರಕಾರ 2015ರಲ್ಲಿ ಬೇರೆ ನಡೆ ಹಿಡಿಯಿತು. ಓದಿದವರಾದರೂ ಆ ದೇಶಗಳಿಗೆ ಹೋಗುವ ನರ್ಸುಗಳಿಗೆ ಒಪ್ಪಿಗೆ ಬೇಕು, ನೇಮಕ ಸರಕಾರಿ ಸಂಸ್ಥೆಗಳ ಮೂಲಕ ಆಗಬೇಕು ಎಂದು ಮಾಡಿದರು. ನಮ್ಮ ರಾಜ್ಯದಲ್ಲಿ 1978ರಲ್ಲಿ ಹುಟ್ಟಿದ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ ಆ ಕೆಲಸಕ್ಕೆ ಸೇರಿತು. ನರ್ಸಿಗೆ ಆದದ್ದು ಶಿಕ್ಷಕಿಗೆ ಏಕಾಗಬಾರದು? ಒಪ್ಪಿಗೆಯ ಬೇಲಿ ಹಾಕಿದರೆ ಲಂಚಕ್ಕೆ ದಾರಿ, ಹೆಂಗಸರ ಓಡಾಟಕ್ಕೆ ಅಡ್ಡಿ ಎಂದು ನಮ್ಮ ಸಂಘದಲ್ಲೇ ಕೆಲವರು ವಾದಿಸುತ್ತಾರೆ, ಆ ಮಾತನ್ನು ತಳ್ಳಿಹಾಕುವಂತಿಲ್ಲ. ತಡೆಯುವುದು ಬೇಡ, ಹೋಗುವ ಮುಂಚೆ ಕರಾರಿನ ಒಂದು ಪ್ರತಿ ಸರಕಾರದಲ್ಲಿ ದಾಖಲಾಗಲಿ, ವಿಮೆ ಇರಲಿ ಎಂಬಷ್ಟೇ ನಮ್ಮ ಬೇಡಿಕೆ.

ಕಾವಲಿಲ್ಲದ ದಾರಿಯಲ್ಲಿ ಏನಾಗಬಹುದೆಂಬುದನ್ನು 2022ರಲ್ಲಿ ತಮಿಳುನಾಡು ಕಂಡಿತು. ಓದಿದ ಹುಡುಗರನ್ನು ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು, ಗಡಿಯ ಹೊಳೆ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ, ಜನರನ್ನು ಮೋಸಮಾಡುವ ಕೆಲಸಕ್ಕೆ ಹಚ್ಚಿದರು. ಒಪ್ಪದವರಿಗೆ ಹೊಡೆತ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಇಲಾಖೆ ಎಚ್ಚರಿಕೆ ಹೊರಡಿಸಿತು. ಇವರೂ ಪದವೀಧರರು, ಇಂಗ್ಲೀಷು ಬಲ್ಲವರು. ಅವರ ಇಂಗ್ಲೀಷಿಗಾಗಿಯೇ ಅವರನ್ನು ಹಿಡಿದದ್ದು. ಅವರನ್ನು ಕರೆದೊಯ್ದದ್ದು ಪ್ರವಾಸಿಗಳ ಚೀಟಿಯ ಮೇಲೆ. ಶಿಕ್ಷಕರು ಇದೊಂದನ್ನು ಗಟ್ಟಿಮಾಡಿಕೊಳ್ಳಲಿ: ಪ್ರವಾಸಿ ವೀಸಾ ಕೆಲಸದ ವೀಸಾ ಅಲ್ಲ. 'ಮೊದಲು ಹೋಗಿಬಿಡು, ಅಲ್ಲಿ ಬದಲಾಯಿಸುತ್ತೇವೆ' ಎಂದು ಏಜೆಂಟನು ಹೇಳಿದ ಕೂಡಲೇ ಎದ್ದು ಬನ್ನಿ. ಥಾಯ್ಲೆಂಡಿನಲ್ಲಿ ಪಾಠ ಮಾಡಲು ನಾನ್-ಇಮಿಗ್ರಂಟ್ 'ಬಿ' ವೀಸಾ ಬೇಕು, ಕೆಲಸದ ಪರವಾನಗಿ ಬೇಕು, ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿಯೂ ಬೇಕು. ಮಾಲ್ಡೀವ್ಸ್‌ನಲ್ಲಿ ಇಳಿದಾಗ ಪಾಸ್‌ಪೋರ್ಟಿಗೆ ಒತ್ತಿಕೊಡುವ ಪ್ರವಾಸಿ ಮುದ್ರೆಯಿಂದ ತರಗತಿಯೊಳಗೆ ನಿಲ್ಲುವ ಹಕ್ಕು ಬರುವುದಿಲ್ಲ. ಪರವಾನಗಿ ಇಲ್ಲದೆ ಕೆಲಸ ಮಾಡುವವಳು ಸಂಬಳ ಕೊಡದಿದ್ದರೂ ಪೊಲೀಸರ ಬಳಿ ಹೋಗಲಾರಳು, ಏಕೆಂದರೆ ಅಲ್ಲಿ ಅಪರಾಧಿ ಅವಳೇ. ಮಾಲೀಕನಿಗೆ ಬೇಕಾದದ್ದೂ ಅದೇ.

ಇನ್ನೊಂದು ರೋಗ ಮನೆಯಲ್ಲೇ ಇದೆ, ಅದನ್ನು ಮುಚ್ಚಿಟ್ಟು ಪರದೇಶದವರನ್ನು ದೂರುವುದು ಸರಿಯಲ್ಲ. ಕೆಲಸಕ್ಕೆ ಸೇರುವಾಗಲೇ ಮೂಲ ಸರ್ಟಿಫಿಕೇಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಖಾಸಗಿ ಶಾಲೆಗಳು ನಮ್ಮ ಜಿಲ್ಲೆಗಳಲ್ಲಿವೆ. ವರ್ಷದ ನಡುವೆ ಬಿಟ್ಟುಹೋಗಬಾರದು ಎಂಬುದಕ್ಕೆ ಅದು ಒತ್ತೆ. ನಮ್ಮ ಸಭೆಗೆ ಬರುವ ಒಬ್ಬ ಶಿಕ್ಷಕಿಗೆ ಹೊರಗಿನ ಕರಾರು ಕೈಗೆ ಬಂದಿತ್ತು, ಮುದ್ರೆ ಹಾಕಿಸಲು ಮೂಲ ಪದವಿಪತ್ರ ಬೇಕಿತ್ತು. ಶಾಲೆಯವರು ಮೂರು ತಿಂಗಳ ಸಂಬಳ ಕಟ್ಟಿ ಒಯ್ಯಿ ಎಂದರು. ಆಕೆ ಕೊಟ್ಟಳು, ಓಲೆ ಮಾರಿ. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು, ಹಾಗೆ ಮಾಡುವವನು ಜೀವವನ್ನೇ ಒತ್ತೆ ಹಿಡಿದಂತೆ ಎಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ಶಿಕ್ಷಕಿಯ ಬೀಸುವ ಕಲ್ಲು ಯಾವುದೆಂದು ಶಾಲೆ ನಡೆಸುವವರು, ಅದರಲ್ಲೂ ಪ್ರತಿ ಬೆಳಗ್ಗೆ ಪ್ರಾರ್ಥನೆಯಿಂದ ಶಾಲೆ ಶುರುಮಾಡುವವರು, ಯೋಚಿಸಬೇಕು.

ಈ ಜಿಲ್ಲೆಯ ಜನಕ್ಕೆ ಈ ಒತ್ತೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಸೇಲಂ ಜಿಲ್ಲೆಯಿಂದ ಸಿಲೋನಿನ ತೋಟಗಳಿಗೆ ಕಂಗಾಣಿಗಳು ಜನರನ್ನು ಕರೆದೊಯ್ದರು. ಅಲ್ಲಿ 'ತುಂಡು' ಎಂಬ ಒಂದು ಚೀಟಿ ಇತ್ತು. ಕೂಲಿಯವನ ಸಾಲವೆಷ್ಟೆಂದು ಅದರಲ್ಲಿ ಬರೆದಿರುತ್ತಿತ್ತು. ತೋಟದ ದೊರೆ ಆ ತುಂಡು ಕೊಟ್ಟರೆ, ಇನ್ನೊಬ್ಬ ದೊರೆ ಆ ಸಾಲ ತೀರಿಸಿದರೆ ಮಾತ್ರ ಬೇರೆ ತೋಟಕ್ಕೆ ಹೋಗಬಹುದಿತ್ತು. 1921ರಲ್ಲಿ ಆ ಪದ್ಧತಿಯನ್ನು ಕಾನೂನಿನಿಂದ ತೆಗೆದರು. ನೂರು ವರ್ಷ ಕಳೆದಿದೆ. ಪಾಸ್‌ಪೋರ್ಟನ್ನು ತೆಗೆದಿಟ್ಟುಕೊಳ್ಳುವ ಮಾಲೀಕ, ಪದವಿಪತ್ರಕ್ಕೆ ಬೀಗ ಹಾಕುವ ಶಾಲೆ, ಇಬ್ಬರ ಕೈಯಲ್ಲಿರುವುದೂ ಆ ತುಂಡೇ. 1967ರ ಕಾನೂನಿನಂತೆ ಪಾಸ್‌ಪೋರ್ಟು ಭಾರತ ಸರಕಾರದ ಸ್ವತ್ತು. ಅದನ್ನು ತನ್ನ ಪೆಟ್ಟಿಗೆಯಲ್ಲಿಡಲು ಯಾವ ಮಾಲೀಕನಿಗೂ ಏಜೆಂಟನಿಗೂ ಅಧಿಕಾರವಿಲ್ಲ.

ಕಾಗದ ಕೇಳುವುದು ನಂಬಿಕೆ ಕಡಿಮೆಯಾದವರ ಕೆಲಸ, ದೇವರ ಮೇಲೆ ಭಾರ ಹಾಕಿ ಹೊರಡಬೇಕು ಎನ್ನುವ ಭಕ್ತರೂ ನಮ್ಮಲ್ಲಿದ್ದಾರೆ. ಅವರು ನೆಹೆಮೀಯನ ಪುಸ್ತಕದ ಎರಡನೆಯ ಅಧ್ಯಾಯವನ್ನು ಓದಲಿ. ಆತ ಪ್ರಾರ್ಥನೆ ಮಾಡಿದ. ಮಾಡಿದ ಮೇಲೆ, ಹೊಳೆಯಾಚೆಯ ಅಧಿಕಾರಿಗಳು ತನ್ನನ್ನು ದಾಟಗೊಡುವಂತೆ ಪತ್ರಗಳನ್ನು ಅರಸನ ಕೈಯಿಂದಲೇ ಕೇಳಿ ಪಡೆದ, ಮರ ಕೊಡಿಸುವುದಕ್ಕೂ ಒಂದು ಪತ್ರ ಬರೆಸಿಕೊಂಡ. ದಾರಿಯಲ್ಲಿ ಸಿಕ್ಕ ದಳ್ಳಾಳಿಯಿಂದ ಕೊಂಡದ್ದಲ್ಲ.

ದಳ್ಳಾಳಿಯ ವಿಷಯದಲ್ಲಿ ಒಂದು ಲೆಕ್ಕ ತಿಳಿದಿರಲಿ. ಸರಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ತೆರಿಗೆ, ರಸೀದಿ ಕೊಡಲೇಬೇಕು. ಅವನ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಎಂಬ ಸರಕಾರದ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಎರಡು ಲಕ್ಷ ಕೇಳುವವನ ಬಳಿ ರಸೀದಿ ಕೇಳಿ ನೋಡಿ, ಅವನ ಮುಖದಲ್ಲೇ ಉತ್ತರ ಸಿಗುತ್ತದೆ.

ನಮ್ಮ ಸಂಘದವರು ಇನ್ನು ಮೇಲೆ ತಿಂಗಳ ಎರಡನೆಯ ಭಾನುವಾರ, ಎರಡನೆಯ ಪೂಜೆಯ ನಂತರ, ಗುಡಿಯ ಪಕ್ಕದ ಕೊಠಡಿಯಲ್ಲಿ ಕುಳಿತಿರುತ್ತಾರೆ. ಹೆಸರಿನ ವ್ಯತ್ಯಾಸ, ಜ್ಞಾನಸ್ನಾನ ದಫ್ತರಿನ ನಕಲು, ಕರಾರಿನ ಓದು, ಏಜೆಂಟನ ನೋಂದಣಿ, ಯಾವುದನ್ನಾದರೂ ಕೇಳಬಹುದು. ಮತ ಯಾವುದಾದರೂ ಸರಿ, ದುಡ್ಡಿಲ್ಲ. ಶಿಕ್ಷಕರ ಕರಾರನ್ನು ದಾಖಲು ಮಾಡಬೇಕೆಂದು ವಿದೇಶಾಂಗ ಇಲಾಖೆಗೆ ಕಳಿಸುವ ಮನವಿಯೂ ಅಲ್ಲೇ ಇರುತ್ತದೆ, ಸಹಿ ಹಾಕಿ ಹೋಗಿ. ಬರುವಾಗ ಜೆರಾಕ್ಸ್ ಪ್ರತಿಗಳನ್ನು ಮಾತ್ರ ತನ್ನಿ. ಮೂಲ ಪ್ರತಿಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ, ನಮ್ಮ ಕೈಗೂ ಕೊಡಬೇಡಿ.