ತಿನ್ನಲು ಸರಿ ಎಂದವರು ಎಳೆಯಲು ಸರಿ ಎಂದಿಲ್ಲ

ಶೇಂಗಾ ತಿಂದರೆ ತುಟಿ ಊದುವವರು, ಹಾಲು ಕುಡಿದರೆ ಮೈತುಂಬ ಗಂದೆ ಏಳುವವರು ವೇಪ್, ಅಂದರೆ ಇ-ಸಿಗರೇಟು, ಎಳೆಯಬಹುದೇ? ಹೀಗೆ ಕೇಳಿದವರಿಗೆ ಸಿಗುವ ಉಪದೇಶ ಹೆಚ್ಚುಕಡಿಮೆ ಒಂದೇ. ಪದಾರ್ಥಗಳ ಪಟ್ಟಿ ಓದಿ. ವೇಪ್ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಒಗ್ಗದಿದ್ದರೆ ಗ್ಲಿಸರಿನ್ ಹೆಚ್ಚಿರುವುದನ್ನು ಕೊಳ್ಳಿ. ಹೊಸ ಫ್ಲೇವರ್ ಆದರೆ ಮೊದಲು ಒಂದೆರಡು ದಮ್ ಎಳೆದು ನೋಡಿ. ‘ಫುಡ್ ಗ್ರೇಡ್’ ಎಂದಿದ್ದರೆ ಚಿಂತೆ ಬೇಡ. ಕೇಳುವುದಕ್ಕೆ ಬಹಳ ಜವಾಬ್ದಾರಿಯ ಮಾತು. ಆದರೆ ಮಾರುವವನು ಹೊರಬೇಕಾದ ಹೊಣೆಯನ್ನು ಅಲರ್ಜಿ ಇರುವವನ ತಲೆಗೆ ಕಟ್ಟುವ ಉಪಾಯವಿದು. ಅಲರ್ಜಿ ಇರುವವರು ಸುರಕ್ಷಿತವಾಗಿ ವೇಪ್ ಎಳೆಯುವ ದಾರಿ ಭಾರತದಲ್ಲಂತೂ ಇಲ್ಲ.

‘ಫುಡ್ ಗ್ರೇಡ್’ ಎಂಬ ಮುದ್ರೆಯನ್ನೇ ಮೊದಲು ನೋಡೋಣ. ಅಮೆರಿಕದಲ್ಲಿ ಸುವಾಸನೆ ತಯಾರಿಸುವ ಕಂಪನಿಗಳದೇ ಸಂಘವಿದೆ, ಫೆಮಾ. ತಾನು ಸುರಕ್ಷಿತ ಎಂದು ಒಪ್ಪಿರುವುದು ಆಹಾರದಲ್ಲಿ ಬಳಸುವುದಕ್ಕೆ ಮಾತ್ರ, ಇ-ಸಿಗರೇಟಿಗೆ ಅದು ಅನ್ವಯಿಸದು ಎಂದು ಆ ಸಂಘವೇ ಹೇಳಿದೆ. ಮಾಡುವವರೇ ಕೈ ತೊಳೆದುಕೊಂಡ ಮೇಲೆ ಮಾರುವವರಿಗೆ ಯಾವ ಧೈರ್ಯ? ಹೊಟ್ಟೆ ಬೇರೆ, ಶ್ವಾಸಕೋಶ ಬೇರೆ. ಬ್ರೆಡ್ಡನ್ನು ಆರಾಮವಾಗಿ ತಿನ್ನುವ ಬೇಕರಿ ಕೆಲಸಗಾರನಿಗೆ ಗೋಧಿ ಹಿಟ್ಟಿನ ಧೂಳಿನಿಂದ ಆಸ್ತಮಾ ಬರುವುದು ವೈದ್ಯರಿಗೆ ಹಳೆಯ ವಿಷಯ. ಬೆಣ್ಣೆಯ ಘಮ ಕೊಡುವ ಡೈಅಸಿಟೈಲನ್ನು ಪಾಪ್‌ಕಾರ್ನ್ ಜೊತೆ ತಿಂದವರಿಗೆ ಏನೂ ಆಗಲಿಲ್ಲ. ಅದರ ಆವಿ ಉಸಿರಾಡಿದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಮತ್ತೆ ಸರಿಹೋಗದಂತೆ ಕೆಟ್ಟಿದ್ದು 2000ದಲ್ಲಿ ಬೆಳಕಿಗೆ ಬಂತು. 2015ರಲ್ಲಿ ಹಾರ್ವರ್ಡ್ ಸಂಶೋಧಕರು 51 ಫ್ಲೇವರ್‌ಗಳ ಇ-ಸಿಗರೇಟು ಪರೀಕ್ಷಿಸಿದಾಗ 39ರಲ್ಲಿ ಅದೇ ಡೈಅಸಿಟೈಲ್ ಸಿಕ್ಕಿತು.

2019ರ ಕಥೆ ಇನ್ನೂ ಕಟು. ವಿಟಮಿನ್ ಇ ಅಸಿಟೇಟ್ ಮಾತ್ರೆಯಲ್ಲಿದ್ದರೂ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿದ್ದರೂ ಯಾರಿಗೂ ತಕರಾರಿಲ್ಲ. ವೇಪ್ ದ್ರವಕ್ಕೆ ಅದನ್ನು ಬೆರೆಸಿದಾಗ ಅಮೆರಿಕದಲ್ಲಿ ಆಸ್ಪತ್ರೆ ಸೇರಿದವರು, 2020ರ ಫೆಬ್ರವರಿಯ ಲೆಕ್ಕದಂತೆ, 2,807, ಸತ್ತವರು 68. ವೇಪ್ ಪರ ವಾದಿಸುವವರು ಇಲ್ಲಿ ತಡೆದು, ಅದರಲ್ಲಿ ಬಹುಪಾಲು ಗಾಂಜಾದ ಅಂಶವಿದ್ದ ಕಳ್ಳಸಂತೆಯ ಸರಕು ಎನ್ನುತ್ತಾರೆ. ನಿಜ. ಆದರೆ ನಮ್ಮಲ್ಲಿ ಸಿಗುವುದೆಲ್ಲವೂ ಕಳ್ಳಸಂತೆಯ ಸರಕೇ ಅಲ್ಲವೇ?

ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. ಕೇಂದ್ರ 2019ರಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿತು. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಗದದ ಮೇಲೆ ಬಿಗಿಯಾಗಿದೆ. ಬೀಡಿ, ಸಿಗರೇಟು ರಾಜಾರೋಷವಾಗಿ ಮಾರಾಟವಾಗುವ ದೇಶದಲ್ಲಿ ಇದೊಂದಕ್ಕೆ ನಿಷೇಧವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ, ಆ ಜಗಳ ಇನ್ನೊಮ್ಮೆ ಆಡೋಣ. ಸದ್ಯದ ಮಾತು ಇಷ್ಟು: ಬೆಂಗಳೂರಿನ ಯಾವುದೇ ಕಾಲೇಜು ಹುಡುಗನನ್ನು ಕೇಳಿ, ಮಾವಿನ ರುಚಿಯದು ಎಲ್ಲಿ, ಪುದೀನದ್ದು ಎಲ್ಲಿ ಎಂದು ಹೇಳುತ್ತಾನೆ. ಆ ಡಬ್ಬಿಯ ಮೇಲೆ ಹಣ್ಣಿನ ಚಿತ್ರವಿರುತ್ತದೆ. ಒಳಗೇನಿದೆ ಎಂದು ಬರೆದಿದ್ದರೂ ಅದಕ್ಕೆ ಹೊಣೆ ಯಾರು?

ಬಿಸ್ಕತ್ತಿನ ಪೊಟ್ಟಣ ತಿರುಗಿಸಿದರೆ ಗೋಧಿ, ಹಾಲು, ಸೋಯಾ ಇದೆ ಎಂಬ ಸೂಚನೆ ಕಾಣುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಅದನ್ನು ಕಡ್ಡಾಯ ಮಾಡಿದೆ. ಅಮೆರಿಕ 2004ರ ಕಾಯ್ದೆಯಲ್ಲಿ ಎಂಟು ಅಲರ್ಜಿಕಾರಕಗಳನ್ನು ಪಟ್ಟಿ ಮಾಡಿ, 2023ರಿಂದ ಎಳ್ಳನ್ನೂ ಸೇರಿಸಿತು. ಎಲ್ಲವೂ ಆಹಾರಕ್ಕೆ. ವೇಪ್ ಆಹಾರವಲ್ಲ, ಹಾಗಾಗಿ ಈ ನಿಯಮ ಅದರ ಹತ್ತಿರ ಸುಳಿಯುವುದಿಲ್ಲ. ಹೀಗಿರುವಾಗ ‘ಪಟ್ಟಿ ಓದಿ’ ಎನ್ನುವುದು ಎಂಥ ಬುದ್ಧಿವಾದ?

ಇನ್ನು ಗ್ಲಿಸರಿನ್ ಸಲಹೆ. ಪ್ರೊಪಿಲೀನ್ ಗ್ಲೈಕಾಲ್ ಚರ್ಮಕ್ಕೆ ಆಗದವರು ಇದ್ದಾರೆ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2018ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಅದಕ್ಕೆ ಬದಲಿ ಗ್ಲಿಸರಿನ್ ಎನ್ನುವವರಿಗೆ 1986ರ ಮುಂಬೈ ನೆನಪಿಸಬೇಕು. ಅಲ್ಲಿನ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕೊಟ್ಟು 14 ರೋಗಿಗಳು ಸತ್ತರು. 2025ರಲ್ಲಿ ಮಧ್ಯಪ್ರದೇಶದ ಮಕ್ಕಳನ್ನು ಕೊಂದ ಕೆಮ್ಮಿನ ಸಿರಪ್ಪಿನಲ್ಲೂ ಅದೇ ವಿಷ. ಲೈಸೆನ್ಸು, ತಪಾಸಣೆ, ಬ್ಯಾಚ್ ನಂಬರು ಎಲ್ಲ ಇರುವ ಔಷಧದ ಪಾಡೇ ಇದು, ಕಳ್ಳಸಂತೆಯ ವೇಪ್‌ನ ಗ್ಲಿಸರಿನ್ ನಂಬುವುದು ಹೇಗೆ?

ಎದುರುವಾದದಲ್ಲಿ ಒಂದು ಗಟ್ಟಿ ಅಂಶವಿದೆ, ಒಪ್ಪಬೇಕು. ಆಹಾರದ ಅಲರ್ಜಿ ಸಾಮಾನ್ಯವಾಗಿ ಪ್ರೋಟೀನಿನಿಂದ ಬರುತ್ತದೆ. ಬಾದಾಮಿ ಪರಿಮಳದ ಬೆಂಜಾಲ್ಡಿಹೈಡ್ ಕಾರ್ಖಾನೆಯಲ್ಲಿ ತಯಾರಾದದ್ದಾದರೆ ಅದರಲ್ಲಿ ಬಾದಾಮಿಯ ಪ್ರೋಟೀನು ಇರುವುದಿಲ್ಲ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಆಹಾರದ ಅಲರ್ಜಿ ಬಹುಶಃ ಇದೆ ಎನ್ನಬಹುದಾದವರು ಸಿಕ್ಕಿದ್ದು ಶೇ 1.2 ಮಾತ್ರ. ಸರಿ, ಭಯ ಹುಟ್ಟಿಸುವುದು ಬೇಡ. ಆದರೆ ಆಹಾರದ ಅಲರ್ಜಿ ಇರುವ ಎಷ್ಟೋ ಜನರಿಗೆ ಆಸ್ತಮಾ ಜೊತೆಗೇ ಇರುತ್ತದೆ. ಹತೋಟಿಯಲ್ಲಿಲ್ಲದ ಆಸ್ತಮಾ ಇದ್ದವರಿಗೆ ಶೇಂಗಾ ಅಲರ್ಜಿ ಪ್ರಾಣಕ್ಕೇ ಬರುವ ಅಪಾಯ ಹೆಚ್ಚು. ದಿನವೂ ಶ್ವಾಸನಾಳವನ್ನು ಕೆರಳಿಸುವ ಆವಿ ಎಳೆದುಕೊಂಡು ‘ನನ್ನ ಫ್ಲೇವರಿನಲ್ಲಿ ಶೇಂಗಾ ಇಲ್ಲ’ ಎಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ.

ಸಿಗರೇಟು ಬಿಡಲು ವೇಪ್ ಬೇಕು ಎನ್ನುವವರು 2 ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ಅದು ಒಗ್ಗದಿದ್ದರೆ ಯಾರನ್ನು ಕೇಳಬೇಕೆಂದಾದರೂ ಗೊತ್ತಿರುತ್ತದೆ.

ನಿಷೇಧ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ನಿಷೇಧಿಸಿದ್ದೇವೆ ಎಂದು ಸರ್ಕಾರ ಕಣ್ಣು ಮುಚ್ಚಿಕೊಳ್ಳುವುದು ಸಲ್ಲದು ಎನ್ನುತ್ತಿದ್ದೇನೆ. ದಾಳಿಯಲ್ಲಿ ಸಿಕ್ಕ ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸಿ ಫೋಟೊ ತೆಗೆಸಿಕೊಂಡರೆ ಸಾಲದು. ಅವುಗಳೊಳಗಿನ ದ್ರವವನ್ನು ಪರೀಕ್ಷೆಗೆ ಕಳಿಸಿ, ಯಾವ ಹೆಸರಿನ ಡಬ್ಬಿಯಲ್ಲಿ ಏನು ಸಿಕ್ಕಿತೆಂದು ಕನ್ನಡದಲ್ಲಿ ಪ್ರಕಟಿಸಲಿ. ಔಷಧ ಪರೀಕ್ಷಾ ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ. ಅಲರ್ಜಿ, ಆಸ್ತಮಾ ನೋಡುವ ವೈದ್ಯರು ‘ಸಿಗರೇಟು ಸೇದುತ್ತೀಯಾ’ ಎಂದಷ್ಟೇ ಕೇಳಿ ಮುಂದೆ ಹೋಗಬಾರದು. ಇಪ್ಪತ್ತರ ಹುಡುಗ ‘ಇಲ್ಲ ಡಾಕ್ಟ್ರೇ’ ಎನ್ನುತ್ತಾನೆ, ಅದು ಸುಳ್ಳೂ ಅಲ್ಲ. ವೇಪ್ ಬಗ್ಗೆ ಬೇರೆಯಾಗಿಯೇ ಕೇಳಬೇಕು, ಅದೂ ಅಪ್ಪ-ಅಮ್ಮನನ್ನು ಹೊರಗೆ ಕೂರಿಸಿ.