ಗಡಿಯ ಎದೆನೋವು: ಮಾತ್ರೆ ಯಾವ ಕಾಲಕ್ಕೆ, ದವಾಖಾನೆ ಯಾವ ಕಡೆಗೆ?

2025ರ ಜೂನ್-ಜುಲೈನಲ್ಲಿ ಹಾಸನದ ಸುದ್ದಿ ಓದಿ ನಮ್ಮ ಮಕ್ತಲ್, ಕೃಷ್ಣಾ ಕಡೆಯ ಜನರೂ ಎದೆ ಮುಟ್ಟಿ ನೋಡಿಕೊಂಡರು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ವರದಿ ಬಂದದ್ದೇ ತಡ, ಜಯದೇವ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಸಾಲು. ಆ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲೇ ವರದಿ ಕೊಟ್ಟಿತು. ಹಾಸನದಲ್ಲಿ ಸಾವು ಒಮ್ಮೆಲೇ ಏರಿದೆ ಎನ್ನುವುದಕ್ಕೆ ಆಧಾರವಿಲ್ಲ ಎಂದು ಹೇಳಿತು. ಬಿಪಿ, ಸಕ್ಕರೆ, ಬೀಡಿ, ಕುಡಿತ, ಇವೇ ಹಳೇ ಕಾರಣಗಳು. ಸುದ್ದಿ ತಣ್ಣಗಾಯಿತು. ಜನ ಮತ್ತೆ ಮಾತ್ರೆ ಮರೆತರು.

ನಮ್ಮ ಭಾಗದಲ್ಲಿ ಮಾತ್ರೆ ಮರೆಯುವುದಕ್ಕೂ ಒಂದು ಪಂಚಾಂಗ ಇದೆ. ಅದನ್ನು ನಾನು ಕಲಿತದ್ದು ನನ್ನ ಹೆಂಡತಿಯ ಅಣ್ಣನಿಂದ. ನನಗೆ ಅವನು ಭಾವ, ಅವನಿಗೆ ನಾನು ಬಾವ. ಅವನ ಮನೆ ಮಾತು ತೆಲುಗು, ನಮ್ಮದು ಕನ್ನಡ. ಮಧ್ಯೆ ಮೂರು ಹೊಲದ ಅಂತರ. ಬಿಪಿ ಇದೆ ಅಂತ ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಹತ್ತಿ ಮಾರಿ ದುಡ್ಡು ಬಂದ ಮೇಲೆ ಮಾತ್ರೆ ನುಂಗುತ್ತಿದ್ದ. ಯುಗಾದಿ ತನಕ ಸರಿ. ಮೃಗಶಿರ ಬಂತೆಂದರೆ ಬೀಜ, ಗೊಬ್ಬರ, ಕೂಲಿ, ಮಾತ್ರೆ ನಿಲ್ಲುತ್ತಿತ್ತು. ಮಾತ್ರೆಯ ಬೆಲೆ ದೊಡ್ಡದಲ್ಲ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆಯೂ ಸಿಗುತ್ತದೆ. ಆದರೆ ಅದನ್ನು ತರಲು ತಿಂಗಳಿಗೊಂದು ದಿನ ಹೊಲ ಬಿಡಬೇಕು. ಬಿತ್ತನೆಯ ಕಾಲದ ಒಂದು ದಿನ ಏನು ಬೆಲೆ ಬಾಳುತ್ತದೆ ಎಂದು ರೈತರಿಗೆ ನಾನು ಹೇಳಬೇಕಾಗಿಲ್ಲ.

2024ರ ಡಿಸೆಂಬರ್. ಕೊರೆವ ಚಳಿ. ನಸುಕಿನ ಐದು ಗಂಟೆಗೆ ಭಾವನಿಗೆ ಎದೆ ಹಿಂಡಿದಂತಾಯಿತು, ಮೈಯೆಲ್ಲಾ ಬೆವರು. ನಾನು ಓಡಿದೆ. 'ಏಂ ಕಾದು ಬಾವಾ, ಗ್ಯಾಸು' ಅಂದ. ಹಿಂದಿನ ಸಂಜೆ ರಾಯಚೂರಿನ ಗಂಜ್‌ಗೆ ಹತ್ತಿ ಹಾಕಿ ಬರುವಾಗ ಮಂಡಾಳು ಒಗ್ಗರಣೆ, ಮಿರ್ಚಿ ತಿಂದಿದ್ದೆವು. ಹೌದಿರಬೇಕು ಅಂತ ನಾನೇ ಸೋಡಾ ತರಿಸಿ ಕುಡಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಏಳಕ್ಕೆ ಊರಿನ ಆರ್‌ಎಂಪಿ ಬಂದು ಒಂದು ಸೂಜಿ ಚುಚ್ಚಿದ. ನೋವು ಹೋಗಲಿಲ್ಲ. ಆಮೇಲೆ ಶುರುವಾಯಿತು ಮನೆಯಲ್ಲಿ ಪಂಚಾಯಿತಿ. ಅವನ ಹೆಂಡತಿ, ಮಹಬೂಬ್‌ನಗರಕ್ಕೆ ಹೋಗೋಣ, ಅಲ್ಲಿ ಆರೋಗ್ಯಶ್ರೀ ಕಾರ್ಡ್ ನಡೆಯುತ್ತದೆ ಎಂದಳು. ಮಗ, ರಾಯಚೂರು ಹತ್ತಿರ ಎಂದ. ಕಾರ್ಡ್ ಇರುವ ಕಡೆ ದೂರ, ಹತ್ತಿರ ಇರುವ ಕಡೆ ಕಾರ್ಡ್ ಇಲ್ಲ. ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ಹೊಳೆ ದಾಟಿ ರಾಯಚೂರಿಗೇ ಹೋದೆವು.

ಒಂದು ಆಸ್ಪತ್ರೆ. ಹೆಸರು ಬೇಡ. ಬಾಗಿಲಲ್ಲಿದ್ದ ನರ್ಸಮ್ಮ 'ಏನಾಗ್ತೈತಿ?' ಅಂತ ಕೇಳಿದಳು. ಭಾವ ತನ್ನ ಮಾತಿನಲ್ಲಿ 'ಆಯಾಸಂಗ ಉಂದಮ್ಮಾ' ಎಂದ. ತೆಲುಗಿನಲ್ಲಿ ಆಯಾಸಂ ಅಂದರೆ ಉಸಿರು ಹತ್ತುವುದು, ದಮ್ಮು ಬರುವುದು. ಕನ್ನಡದಲ್ಲಿ ಆಯಾಸ ಅಂದರೆ ದಣಿವು. ಪಾಪ, ಆಕೆ ಚೀಟಿಯ ಮೇಲೆ ಸುಸ್ತು ಎಂದು ಬರೆದು ಬೆಂಚಿನ ಮೇಲೆ ಕೂರಿಸಿದಳು. ನಾನು ಹೊರಗೆ ದುಡ್ಡು ಹೊಂದಿಸುವುದರಲ್ಲಿದ್ದೆ. ಮೂವತ್ತು ವರ್ಷದಿಂದ ಎರಡೂ ಭಾಷೆಯಲ್ಲಿ ಪದ್ಯ ಬರೆಯುವ ನಾನು, ಆ ಒಂದು ಪದವನ್ನು ಅನುವಾದ ಮಾಡಲು ಅಲ್ಲಿರಲಿಲ್ಲ. ಇಸಿಜಿ ತೆಗೆದಾಗ ಹತ್ತು ಗಂಟೆ.

ಭಾವ ಬದುಕಿದ. ಹೃದಯದ ಒಂದು ಪಾಲು ಸತ್ತಿದೆ, ಅದು ಮತ್ತೆ ಚಿಗುರುವುದಿಲ್ಲ ಎಂದರು ಡಾಕ್ಟರು. ಐವತ್ತೆಂಟರ ಆಳು, ಮೂಟೆ ಎತ್ತುತ್ತಿದ್ದವನು, ಈಗ ಬಾವಿಯ ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಾನೆ.

ನಸುಕಿನಿಂದ ಹತ್ತರ ತನಕದ ಆ ಐದು ಗಂಟೆಯನ್ನು ನಾನು ಮತ್ತೆ ಮತ್ತೆ ಲೆಕ್ಕ ಹಾಕುತ್ತೇನೆ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಅದರ ಮುಂದಿನ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತದೆ. ಮೊದಲ ಗಂಟೆ ಚಿನ್ನ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ಲಾಭ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಕರ್ನಾಟಕ ಸರ್ಕಾರ 2024ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಎಂಬ ಯೋಜನೆ ತಂದಿತು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದ ಆ ನಟನ ನೆನಪಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುವುದು, ಅವರು ಹೌದೆಂದರೆ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುವುದು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಕಲಬುರಗಿಯಲ್ಲಿ ಜಯದೇವದ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಈ ಕಡೆ ತೆಲಂಗಾಣದಲ್ಲಿ ಆರೋಗ್ಯಶ್ರೀ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ 10 ಲಕ್ಷಕ್ಕೆ ಏರಿಸಿದರು. 2024ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದವು. ಎರಡೂ ಕಡೆ ಏನೂ ಇಲ್ಲ ಅನ್ನುವಂತಿಲ್ಲ. ಎರಡರ ನಡುವಿನ ಜಾಗದಲ್ಲಿ ನಾವಿದ್ದೇವೆ, ಅಷ್ಟೇ.

ಇದು ನಮ್ಮೊಬ್ಬರ ಗೋಳಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ದವಾಖಾನೆಗಳನ್ನೇ ನಂಬಿದ್ದ ಕಾಸರಗೋಡಿನ ಕನ್ನಡ, ಮಲಯಾಳ, ತುಳು ಜನ ನಡುದಾರಿಯಲ್ಲಿ ನಿಂತರು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರೆಂದು ವರದಿಯಾಯಿತು. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳನ್ನು ಬಿಡುವ ಕ್ರಮ ಗೊತ್ತಾಯಿತು. ಮರು ವರ್ಷ, 2021ರ ಮೇ ತಿಂಗಳಲ್ಲಿ, ನಮ್ಮ ಗದ್ವಾಲ ಜಿಲ್ಲೆಯ ಪುಲ್ಲೂರು ಟೋಲ್ ಬಳಿ ಆಂಧ್ರದಿಂದ ಹೈದರಾಬಾದಿಗೆ ಹೊರಟ ಆಂಬುಲೆನ್ಸ್‌ಗಳನ್ನು ತಡೆದರು. ಮೇ 14ರಂದು ತೆಲಂಗಾಣ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅಲ್ಲಿ ಕಬ್ಬಿಣದ ಗೇಟು ಇತ್ತು, ಎಲ್ಲರಿಗೂ ಕಂಡಿತು. ನಮ್ಮ ಮನೆಯಲ್ಲಿ ಆ ಬೆಳಿಗ್ಗೆ ಇದ್ದ ಗೇಟು ಯಾವ ಕೋರ್ಟಿಗೂ ಕಾಣುವಂಥದ್ದಲ್ಲ.

ಈಗ ಕಾಲದ ಮಾತಿಗೆ ಬರುತ್ತೇನೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಚಳಿಗೆ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯಕ್ಕೆ ಭಾರ. ನಮ್ಮಲ್ಲಿ ಆ ಹೊತ್ತಿಗೇ ಗಾಡಿಗೆ ಮೂಟೆ ಏರಿಸುತ್ತೇವೆ. ಬಿಸಿಲುಗಾಲದ ಕಥೆ ಬೇರೆ. ರೋಹಿಣಿ ಕಾರ್ತೆಗೆ ರೋಳ್ಳು ಪಗುಲುತಾಯಿ ಅಂತ ತೆಲುಗಿನವರು ಅನ್ನುವುದು, ಒರಳುಕಲ್ಲೂ ಬಿರಿಯುವ ಬಿಸಿಲು ಅಂತ. ಬೆವರಿ ಮೈಯ ನೀರು ಹೋದಷ್ಟೂ ರಕ್ತ ಗಟ್ಟಿಯಾಗಿ ಹೃದಯ ಹೆಚ್ಚು ಬಡಿಯಬೇಕು. ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರು ಏಪ್ರಿಲ್‌ಗೆ ಮುಂಚೆ ಒಮ್ಮೆ ಡಾಕ್ಟರನ್ನು ಕಾಣಬೇಕು, ತಾವೇ ನಿಲ್ಲಿಸಬಾರದು. ಬಿಸಿಲಿನ ಹೊಡೆತವನ್ನು ರಾಜ್ಯದ ವಿಪತ್ತು ಎಂದು ಸಾರಿ ಸತ್ತವರ ಮನೆಗೆ 4 ಲಕ್ಷ ಕೊಡುವುದಾಗಿ ತೆಲಂಗಾಣ 2025ರ ಏಪ್ರಿಲ್‌ನಲ್ಲಿ ಹೇಳಿತು. ಒಳ್ಳೇದೇ. ಅಂಬಲಿ, ಮಜ್ಜಿಗೆ ಅದಕ್ಕಿಂತ ಮೊದಲೇ ಕುಡಿಯಬೇಕು. ಅದೇ ಬೇಸಿಗೆಯಲ್ಲಿ ಮನೆಮನೆಯಲ್ಲಿ ವರ್ಷದ ಆವಕಾಯಿ ಬೀಳುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ನಮ್ಮ ಜಾಡಿಗೆ ಆ ಲೆಕ್ಕ ಗೊತ್ತಿಲ್ಲ. ಜೋಳದ ರೊಟ್ಟಿ ತಿನ್ನುತ್ತಿದ್ದ ಸೀಮೆ ಇದು. 1983ರ ಎನ್‌ಟಿಆರ್ ಎರಡು ರೂಪಾಯಿ ಅಕ್ಕಿ ಹಸಿವು ಕಳೆಯಿತು, ಅದನ್ನು ದೂರಲಾರೆ; ಆದರೆ ಮೂರು ಹೊತ್ತೂ ಅನ್ನವಾಯಿತು. ದುಡಿಮೆ ಕಡಿಮೆಯಾಗಿ ಟ್ರ್ಯಾಕ್ಟರ್ ಬಂತು, ಅನ್ನ ಅಷ್ಟೇ ಉಳಿಯಿತು.

ಮಳೆಗಾಲದಲ್ಲಿ ಜ್ವರದ ಗದ್ದಲದಲ್ಲಿ ಬಿಪಿ ಯಾರಿಗೂ ನೆನಪಿಲ್ಲ. ಗದ್ವಾಲದ ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಶುರುವಾದರೆ ಹೆಣ್ಣುಮಕ್ಕಳು ಬೆಳಗಿನಿಂದ ಬಗ್ಗಿಯೇ ಇರುತ್ತಾರೆ, ತಿಂಗಳುಗಟ್ಟಲೆ ದವಾಖಾನೆ ಕಡೆ ಮುಖ ಹಾಕುವುದಿಲ್ಲ. ನಾರಾಯಣಪೇಟೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರದೂ ಅದೇ ಪಾಡು. ಹೆಂಗಸರಿಗೂ ಸಕ್ಕರೆ ರೋಗಿಗಳಿಗೂ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಬರೀ ಉಸಿರು ಹತ್ತುವುದು, ಬೆವರು, ದವಡೆ ನೋವು, ಕಾರಣವಿಲ್ಲದ ನಿತ್ರಾಣ. ದೇಶದಲ್ಲಿ ಇಪ್ಪತ್ತು ದಾಟಿದವರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಜನರಿಗೆ ಬಿಪಿ ಇದೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಗಂಜ್‌ನಲ್ಲಿ ಮೂವರು ನಿಂತು ದರ ಮಾತಾಡುವಾಗ ಒಬ್ಬರಿಗೆ ಇದೆ ಎಂದುಕೊಳ್ಳಿ.

ಎರಡೂ ಸರ್ಕಾರಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮೃಗಶಿರದಿಂದ ದಸರೆ ತನಕ ರೈತರಿಗೆ ಬಿಪಿ ಮಾತ್ರೆಯನ್ನು ಮೂರು ತಿಂಗಳದ್ದು ಒಮ್ಮೆಗೇ ಕೊಡಲಿ. ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾದದ್ದು; ಅದೂ ತೆಲುಗು-ಕನ್ನಡ ಕಲೆತ ಸೀಮೆಯೇ. ಮನೆಗೇ ಹೋಗಿ ಬಿಪಿ ನೋಡುವ ಆ ಪದ್ಧತಿ ಹೊಳೆಯ ಈ ಕಡೆಗೂ ಬರಲಿ. ಎದೆನೋವಿನವರ ಮಟ್ಟಿಗಾದರೂ ಆರೋಗ್ಯಶ್ರೀ ಕಾರ್ಡ್ ರಾಯಚೂರಿನಲ್ಲಿ ನಡೆಯುವಂತೆ ಎರಡೂ ರಾಜ್ಯ ಕೂತು ಬರೆದುಕೊಳ್ಳಲಿ. ಕೃಷ್ಣಾ ನೀರಿಗೆ ಎಷ್ಟು ಸಲ ಕೂತಿಲ್ಲ? ಮೆಡಿಕಲ್ ಕಾಲೇಜಿನ ಬೋರ್ಡಿನ ಜತೆಗೆ ಮಕ್ತಲ್‌ನಂಥ ಊರಲ್ಲಿ ರಾತ್ರಿಯೂ ಇಸಿಜಿ ತೆಗೆಯುವ ಒಬ್ಬ, ಆ ಇಂಜೆಕ್ಷನ್ ಒಂದು ಇರಲಿ. ರಾಯಚೂರಿನ ತುರ್ತು ಬಾಗಿಲಲ್ಲಿ ತೆಲುಗು ಬಲ್ಲ ಒಬ್ಬರು, ಇಲ್ಲವೇ ಗೋಡೆಗೆ ಹತ್ತು ಪದದ ಒಂದು ಹಾಳೆ. ಆಯಾಸಂ ಅಂದರೆ ಉಸಿರು. ತಿಮ್ಮಿರಿ ಅಂದರೆ ಜೋಮು. ಗುಂಡೆ ಅಂದರೆ ಹೃದಯ. ಕನ್ನಡದ ಗುಂಡಿಗೆಯೂ ಅದೇ ಪದ, ಆದರೆ ನಾವು ಅದನ್ನು ಧೈರ್ಯಕ್ಕೆ ಬಳಸಿ ಬಳಸಿ, ಗುಂಡಿಗೆ ಇದ್ದವನು ನೋವು ಹೇಳಬಾರದು ಅಂತ ಮಾಡಿಕೊಂಡಿದ್ದೇವೆ.

ಅದು ಆಗುವ ತನಕ ನಮ್ಮ ಮನೆಯಲ್ಲಿ ಒಂದು ಹಾಳೆ ಅಂಟಿಸಿದ್ದೇನೆ, ಎರಡೂ ಲಿಪಿಯಲ್ಲಿ. ಎದೆ ಹಿಂಡಿ ಹತ್ತು ನಿಮಿಷ ಬಿಡದಿದ್ದರೆ 108. ಅದು ತಡವಾದರೆ ಯಾರ ಗಾಡಿ, ಅವರ ಫೋನ್ ನಂಬರು. ರಾತ್ರಿ ಇಸಿಜಿ ಎಲ್ಲಿ ತೆಗೆಯುತ್ತಾರೆ, ಆ ಇಂಜೆಕ್ಷನ್ ಎಲ್ಲಿದೆ, ಕಾರ್ಡ್ ಎಲ್ಲಿ ನಡೆಯುತ್ತದೆ ಎಂದು ಮೊದಲೇ ಹೋಗಿ ಕೇಳಿ ಬರೆದದ್ದು. ಸೋಡಾ ಬೇಡ ಅಂತ ಕೆಂಪು ಶಾಯಿಯಲ್ಲಿ.

ಭಾವ ನಾಳೆ ಮಾತ್ರೆ ತರಲು ಹೋಗಬೇಕು. ಹತ್ತಿ ಬಿಡಿಸಲು ಆಳು ಸಿಕ್ಕಿದ್ದಾರೆ, ನಾಡಿದ್ದು ಹೋದರಾಯಿತು ಅಂತ ಬೆಳಿಗ್ಗೆಯಿಂದ ನೆಪ ಹೇಳುತ್ತಿದ್ದಾನೆ. ಅವನ ತಂಗಿ ಫೋನ್ ಹಿಡಿದು ಜಗಲಿಯ ಮೇಲೆ ಕೂತಿದ್ದಾಳೆ, ತೆಲುಗಿನಲ್ಲಿ ಬೈಯುತ್ತಿದ್ದಾಳೆ.